ಕಾಗದದ ಅಂಚು

ಮೈಂದರಗಿ ದಾಟಿ, ಕೆಂಪು ಮುರುಮಿನ ಮಾಳದ ಮ್ಯಾಲ
ನಮ್ಮ ಕೊಳವಿ ಮಲಗ್ಯಾದ.
ಉಕ್ಕಿನದು. ಕರ ಹೊಕ್ಕರ ಕಿವಿ ತಾಗೂದಿಲ್ಲ, ಅಷ್ಟು ಅಗಲ.
ಒಂದು ಬಾಯಿಗೆ ತೋಪು,
ಇನ್ನೊಂದು ಬಾಯಿಗೆ ನಾನು.

ಮೈದಾ ಹಿಟ್ಟು, ಚಿಟಿಕಿ ಮೈಲುತುತ್ತ, ಕುದಿಯೂ ನೀರು.
ಕಂದು ಕಾಗದ ಬಿಗಿದು ಹಚ್ಚಿದ ಮ್ಯಾಲ
ಒಳಗ ಗಾಳಿ ಬಿಡತಾರ, ಗಣಿಯೊಳಗ ಇರತದಲ್ಲ, ಅಂಥಾದ್ದು.
ಬಣ್ಣ ಇಲ್ಲ, ವಾಸನಿ ಇಲ್ಲ.
ನೂರರಾಗ ಒಂಬತ್ತು ಪಾಲು ಸಾಕು ಅಂತಾರ ಮಣೂರೆ ಸಾಹೇಬರು,
ಎದಕ್ಕ ಸಾಕು ಅಂತ ಹೇಳೂದಿಲ್ಲ.

ಗೈಬಿಸಾಬ ಸೀಟಿ ಊದತಾನ. ಮೂರು ಸಲ.
ನಾವೆಲ್ಲ ಗ್ವಾಡಿ ಹಿಂದ.
ಧಡ್!
ಆಡು ತಲಿ ಎತ್ತೂದಿಲ್ಲ, ರೂಢಿ ಆಗ್ಯಾದ.

ಕಾಗದ ಹರೀಲೇಬೇಕು. ಹರದರ ತಪ್ಪಲ್ಲ.
ಸುಡಬಾರದು.
ಸಿಡಿಯಬೇಕು, ಹೊತ್ತಬಾರದು.
ಬಾಯಿ ಮಾಡಿದರೂ ಮನಿ ಮುರಿಯದ ಅತ್ತಿ ಇರತಾಳಲ್ಲ,
ಅಂಥಾ ಮದ್ದು ಬೇಕಂತ ಕಲ್ಲಿದ್ದಲಿನವರಿಗೆ.
ಅದಕ್ಕ ಉಪ್ಪು ಕಲಸತಾರ, ನಾವು ತಿನ್ನೂ ಉಪ್ಪೇ,
ಉರಿ ತಣ್ಣಗಿರಲಿ ಅಂತ.

ಹೊಗಿ ಹೋದ ಮ್ಯಾಲ ನಾ ಚೂರು ಆರಸತೀನಿ.
ಅಂಚಿನಾಗ ನಾರು ಬೆಳ್ಳಗಿದ್ದರ ಪಾಸು.
ಕರ್ರಗಿದ್ದರ...
ಆರು ವರ್ಷದಾಗ ಮೂರು ಸಲ ಕಂಡೀನಿ.

ಬುಧವಾರ ದೂಳಿನ ಪಾಳಿ.
ಚಂದ್ರಪುರದ ಕಡೆಯಿಂದ ಚೀಲದಾಗ ಬರತದ ಕಲ್ಲಿದ್ದಲ.
ನಾ ಗಣಿ ಕಂಡಾಕಿ ಅಲ್ಲ.
ಜರಡಿ ಹಿಡೀತೀನಿ. ಕಾಡಿಗಿಗಿಂತ ನುಣುಪು ಪುಡಿ,
ಎರಡು ದಿನ ಮೂಗಿನಾಗ ಅದೇ.
ಹೋದ ಮಾಘದಾಗ ಜರಡಿ ಮ್ಯಾಲ ಒಂದು ಬೀಡಿ ಉಳೀತು.
ಹಚ್ಚಿದ್ದಲ್ಲ. ತುದಿ ಮಾತ್ರ ಜಗಿದು ಜಗಿದು ಚಪ್ಪಟಿ.
ಕೆಳಗ ಕಡ್ಡಿಪೆಟಗಿ ಒಯ್ಯಂಗಿಲ್ಲ.
ಯಾವನೋ ಬರೇ ತುಟ್ಯಾಗ ಇಟಗೊಂಡು ಪಾಳಿ ಮುಗಿಸ್ಯಾನ.

ಸೊಲ್ಲಾಪುರದಾಗ ಹದಿನಾಲ್ಕು ವರ್ಷ ಬೀಡಿ ಕಟ್ಟಿದಾಕಿ ನಾನು.
ದಾರ ನೋಡಿದೆ. ಹಸರು.
ನಮ್ಮ ಕಾರಖಾನಿದು ಗುಲಾಬಿ.
ನನ್ನ ಕೈದಲ್ಲ.
ಸುತ್ತು ಭಾಳ ಬಿಗಿ, ಅವಸರದಾಕಿ ಇರಬೇಕು ಕಟ್ಟಿದಾಕಿ.
ಬೀಸಾಡಲಿಲ್ಲ. ಅಂಟಿನ ಡಬ್ಬಿ ಮುಚ್ಚಳದ ಮ್ಯಾಲ ಇಟ್ಟೆ.

ಹದಿನೈದು ದಿನ ಆಗಿತ್ತು.
ಏಳನೇ ಲಾಟು, ಹದಿನೇಳನೇ ಹೊಡತ.
ಮೊದಲ ಭುಸ್ಸಂತು. ಆಮ್ಯಾಲ ಯಾರೋ ಹೊಯ್ಕೊಂಡಂಗ.
ಕೊಳವಿ ಬಾಯಿಂದ ಹಳದಿ ನಾಲಗಿ ಹೊರಬಿತ್ತು,
ಆಡೆಲ್ಲಾ ಎದ್ದು ಓಡಿದವು.

ಸಾಹೇಬರ ಕಿಸೆದಾಗ ಫೋನು ಬಡಕೊಂಡಿತು.
ಲಾರಿ ನಿಂತದ, ಡ್ರೈವರ ಬೈಯಾಕತ್ಯಾನ,
ಹದಿನಾರು ಚಲೋ ಹೋಗ್ಯಾವ, ಇದೊಂದು ಬಿಸಲಿಗೆ
ಕಾಗದ ಒಣಗಿ ಹಂಗಾಗಿರಬೇಕು.
ಅತ್ತಲಿಂದ ಯಾರೋ ಕಾಗದದ ಮ್ಯಾಲೇ ಹಾಕಿದರು.
ಸಾಹೇಬರು ನನ್ನ ಕಡೆ ನೋಡಿದರು. ಹುಡುಗ ಇನ್ನಾ.
ನಿಂಬೆವ್ವಾ, ಹರದದೋ, ಸುಟ್ಟದೋ?

ನನಗ ಓದು ಬರಂಗಿಲ್ಲ, ಮರಾಠಿನೂ ಇಲ್ಲ, ಕನ್ನಡಾನೂ.
ಎಣಿಸಾಕ ಬರತದ,
ಕಟ್ಟಿಗೆ ಇಪ್ಪತ್ತೈದರಂಗ ಎಣಿಸಿದ ಬೆರಳು.
ರಜಿಸ್ಟರ ತಗದು ಹದಿನೇಳರ ಸಾಲಿಗೆ ಅಂಟು ಸವರಿ
ಕರಿ ಅಂಚಿನ ಚೂರು ಹಚ್ಚಿದೆ,
ಅಂಗೈಲೆ ಒತ್ತಿ ಹಿಡಿದೆ, ಒಣಗೂ ತನಕ.
ಫೋನು ಇನ್ನಾ ಮಾತಾಡಾಕತ್ತಿತ್ತು.

ಲಾರಿ ಖಾಲಿ ಹೋತು.
ಉಪ್ಪು ಕಮ್ಮಿ ಬಿದ್ದಿತ್ತಂತ, ಆಮ್ಯಾಲ ತಿಳೀತು.
ಗೈಬಿಸಾಬ ಅಂದ: ಸಾರಿಗೆ ಕಮ್ಮಿ ಆದರ ನಾ ಮ್ಯಾಲ ಹಾಕ್ಕೋತೀನಿ,
ಅಲ್ಲಿ ಕೆಳಗ ಯಾರು ಹಾಕ್ಕೋತಾರವ್ವಾ?

ಪಗಾರದಾಗ ಅರ್ಧ ದಿನ ಕಡದಾರ,
ರಜಿಸ್ಟರ ಹೊಲಸು ಮಾಡೀನಂತ.
ಆ ಹಾಳಿ ಈಗೂ ದಪ್ಪ. ಮುಚ್ಚಿದರೂ
ಪುಸ್ತಕ ಆ ಕಡೆ ತುಸು ಬಾಯಿ ಬಿಟ್ಟೇ ಇರತದ.

ಇವತ್ತ ಬುಧವಾರ. ಹೊಸ ಚೀಲ ಬಂದದ.
ಜರಡಿ ಝಾಡಿಸಿ ಕುಂತೀನಿ.